ಶಕ್ತಿ ಗುಳಿಗೆ

ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ಕೂತು ಆಕೆ ಗಾಜಿನ ಅಂಚು ಉಜ್ಜುತ್ತಿದ್ದಳು. ಸಾಣೆಚಕ್ರದ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿದ್ದುದರಿಂದ ಸಂಜೆಯ ಹೊತ್ತಿಗೆ ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿರುತ್ತಿದ್ದವು. ಅಂಗಡಿಯವರಿಗೆಲ್ಲ ಆಕೆ ಗಾಜಕ್ಕ. ಗಿರಾಕಿಗಳ ಮುಖ ನೋಡುವವರು ಕೌಂಟರಿನವರು. ಗಾಜಕ್ಕನವರೆಗೆ ಬರುತ್ತಿದ್ದುದು ಬರೀ ಫ್ರೇಮು.

ಬೆಳಿಗ್ಗೆ ಕೆಲಸಕ್ಕೆ ಕೂರುವ ಮುನ್ನ ಆಕೆ ಒಂದು ಗುಳಿಗೆ ನುಂಗುತ್ತಿದ್ದಳು.

"ದಿನಾ ಅದೇನಕ್ಕಾ ನುಂಗೋದು?" ಎಂದು ಕೌಂಟರಿನವನು ಕೇಳಿದ್ದ.

"ಶಕ್ತಿ ಗುಳಿಗೆ."

"ಇಷ್ಟು ವರ್ಷ ಶಕ್ತಿ ತುಂಬಿಸ್ಕೊಂಡೂ ಶಟರ್ ಎತ್ತೋಕೆ ನನ್ನನ್ನೇ ಕರೀತೀರಲ್ಲ!"

ಆಕೆ ನಕ್ಕು ಚಕ್ರ ತಿರುಗಿಸಿದ್ದಳು. ಗುಳಿಗೆಗೆ ಆ ಹೆಸರು ಅಮ್ಮ ಇಟ್ಟದ್ದು. ಕೂಸಾಗಿದ್ದಾಗ ಹರ್ನಿಯಾ ಆಪರೇಷನ್ ಆಗಿತ್ತು, ಅದರಿಂದ ಮೈಯಲ್ಲಿ ಬಲ ಕಮ್ಮಿ, ಆದ್ದರಿಂದ ಗುಳಿಗೆ. ಮನೆಯಲ್ಲಿ ಇದ್ದ ವಿವರಣೆ ಇಷ್ಟೇ. ಕಿಬ್ಬೊಟ್ಟೆಯ ಎರಡೂ ಬದಿಯಲ್ಲಿ ಉಗುರಿನ ಗೀರಿನಂಥ ಗುರುತುಗಳಿದ್ದವು.

ಮದುವೆಯ ಮಾತು ಬಂದ ವರ್ಷ, ಒಮ್ಮೆಯೂ ಮುಟ್ಟಾಗದ ಆಕೆ ಯಾರಿಗೂ ಹೇಳದೆ ಒಬ್ಬ ಡಾಕ್ಟರ ಬಳಿ ಹೋದಳು. ಸ್ಕ್ಯಾನ್ ನೋಡಿ ಅವರು ಬಿಡಿಸಿ ಹೇಳಿದರು. ಹುಟ್ಟಿನಿಂದಲೇ ಗರ್ಭಕೋಶವಿರಲಿಲ್ಲ. ಮೈಯೆಲ್ಲ ಹೆಣ್ಣಿನದೇ ಆದರೂ ಒಳಗಿದ್ದದ್ದು ವೃಷಣ. ತೆಗೆಯದೆ ಬಿಟ್ಟಿದ್ದರೆ, ಗುಳಿಗೆಯಿಂದ ಸಿಗುತ್ತಿರುವ ಹೆಣ್ಣಿನ ಹಾರ್ಮೋನನ್ನು ಅವೇ ಕೊಡುತ್ತಿದ್ದವು. ಹರ್ನಿಯಾದ ಹೊತ್ತಿನಲ್ಲಿ ಅವನ್ನೂ ತೆಗೆದಿದ್ದರು.

"ಮನೆಯಲ್ಲಿ ಹೇಳಿರಬೇಕಲ್ಲ ನಿಮಗೆ?" ಎಂದರು ಡಾಕ್ಟರು.

"ಹೇಳಿದ್ದಾರೆ" ಎಂದು ಸುಳ್ಳು ಹೇಳಿ ಎದ್ದುಬಂದಳು.

ಮದುವೆ ಬೇಡವೆಂದಳು. ಹಟಮಾರಿ ಎಂದು ಮನೆಯವರು ಬೈದರು. ಅಂಗಡಿಯ ಹತ್ತಿರ ಮಹಡಿಯ ಮೇಲೊಂದು ಕೋಣೆ ಹಿಡಿದಳು. ಕೆಳಗಿನವರಿಗೆ ಸದ್ದಾಗದಿರಲೆಂದು ರೇಡಿಯೊವನ್ನು ದಿಂಬಿನಡಿ ಇಟ್ಟುಕೊಂಡು ಕೇಳುತ್ತಿದ್ದಳು. ಅಮ್ಮನನ್ನು ಆಕೆ ಕೇಳಲಿಲ್ಲ, ಅಮ್ಮ ಹೇಳಲೂ ಇಲ್ಲ. ಹೀಗೇ ತಲೆಗೂದಲು ನರೆಯತೊಡಗಿತು.

ಆಮೇಲೆ ಒಂದು ದಿನ ಕೆಲಸದ ನಡುವೆ ಅಮ್ಮನ ಫೋನು ಬಂತು. ತಂಗಿಯ ಹೆಣ್ಣು ಕೂಸಿನ ವಿಷಯ. ಅದಿನ್ನೂ ತೆವಳಲು ಕಲಿತಿರಲಿಲ್ಲ.

"ಮಗೂಗೂ ಹರ್ನಿಯಾನಂತೆ ಕಣೇ, ನಿನಗಿದ್ದದ್ದೇ. ನಾಳೆ ಆಪರೇಷನ್. ಒಳಗೇನೋ ಗಂಟಿದೆಯಂತೆ, ಅದನ್ನೂ ತೆಗೆದುಬಿಡ್ತಾರೆ. ದೊಡ್ಡವಳಾದ ಮೇಲೆ ಶಕ್ತಿ ಗುಳಿಗೆ ಕೊಟ್ರಾಯ್ತು."

ಗಾಜಕ್ಕ ಚಕ್ರ ನಿಲ್ಲಿಸಿದಳು. ಮಗಳಿಂದ ಮುಚ್ಚಿಡಲು ಕಟ್ಟಿದ ಮಾತನ್ನು ಹೇಳಿ ಹೇಳಿ ಅಮ್ಮನೇ ನಂಬಿಬಿಟ್ಟಂತಿತ್ತು. ಈಗ ಅದನ್ನು ಇನ್ನೊಂದು ಕೂಸಿಗೂ ಎತ್ತಿಟ್ಟಿದ್ದಳು.

ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ತಂಗಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅಮ್ಮ. ತಂಗಿಯ ಗಂಡ ದೂರದ ಕೆಲಸದಲ್ಲಿದ್ದ. "ನೀನೇ ನೋಡ್ಕೋ" ಎಂದುಬಿಟ್ಟಿದ್ದ.

"ಡಾಕ್ಟರು ಏನಂದ್ರು ನಿಂಗೆ?" ಎಂದು ಗಾಜಕ್ಕ ಕೇಳಿದಳು.

ತಂಗಿ ಅಮ್ಮನ ಕಡೆ ನೋಡಿದಳು. "ಎಲ್ಲಾ ಹೇಳಿದ್ರು. ಅಕ್ಕಂಗೆ ಗೊತ್ತಾಗಬಾರದು ಅಂತ ಅಮ್ಮ..."

"ನಂಗೆ ಯಾವತ್ತೋ ಗೊತ್ತು."

ಕೂಸಿಗೆ ಗಾಳಿ ಬೀಸುತ್ತಿದ್ದ ಅಮ್ಮನ ಕೈ ನಿಂತಿತು.

"ಆ ಗಂಟು ಈಗಲೇ ತೆಗೀಲೇಬೇಕಾ?"

"ಅವಸರ ಇಲ್ವಂತೆ. ಮುಂದೆ ಕ್ಯಾನ್ಸರ್ ಆಗೋ ಭಯ ಒಂಚೂರು ಇದೆ, ಆದ್ರೆ ದೊಡ್ಡವಳಾಗೋ ತನಕ ಕಾಯಬಹುದು ಅಂದ್ರು. ಈಗಲೇ ಬೇಕಾದ್ರೂ ತೆಗೀತೀವಿ, ನೀವೇ ಹೇಳಿ ಅಂದ್ರು."

"ಹಂಗಾದ್ರೆ ಹರ್ನಿಯಾ ಹೊಲಿಸು, ಅದನ್ನ ಬಿಡು. ಅವಳೇ ಹೇಳ್ಲಿ ಮುಂದೆ."

"ಬಾಯಿ ಮುಚ್ಚು" ಎಂದಳು ಅಮ್ಮ. "ಒಂದೇ ಸಲಕ್ಕೆ ಮುಗಿದುಹೋಗ್ಲಿ. ಈಗಾದ್ರೆ ಮಗೂಗೆ ನೆನಪೂ ಇರಲ್ಲ."

"ನಂಗೂ ನೆನಪಿಲ್ಲಮ್ಮ."

ತಂಗಿ ಅಳತೊಡಗಿದಳು. "ನಿನ್ನನ್ನ ಕೇಳಿದ್ರೆ ಏನಂತಿದ್ದೆ ಅಕ್ಕಾ? ಬೇಡ ಅಂತಿದ್ಯಾ?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಆಕೆಗೆ ಯಾರೂ ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ. ಬೇಡ ಎಂದರೆ ತಂಗಿಗೆ ಧೈರ್ಯ ಬರುತ್ತಿತ್ತು. ಆದರೆ ಅದು ನಿಜವೋ ಅಲ್ಲವೋ ಆಕೆಗೇ ತಿಳಿಯಲಿಲ್ಲ.

"ಗೊತ್ತಿಲ್ಲ. ತೆಗೀರಿ ಅಂತಲೇ ಅಂತಿದ್ನೇನೋ. ಯಾರೂ ಕೇಳಲಿಲ್ವಲ್ಲ."

ತಂಗಿ ಬಹಳ ಹೊತ್ತು ಕೂಸಿನ ಪಾದ ಸವರುತ್ತಿದ್ದಳು. ನರ್ಸು ಬಂದು ಕರೆದಾಗ ಎದ್ದು, ಹರ್ನಿಯಾ ಮಾತ್ರ, ಬೇರೇನೂ ಮುಟ್ಟಬೇಡಿ ಎಂದಳು. ಮತ್ತೆ ಕೇಳಿದಾಗಲೂ ಅದನ್ನೇ ಹೇಳಿ ಸಹಿ ಹಾಕಿದಳು.

ಅಮ್ಮ ಎದ್ದುಹೋಗಿ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತಳು. ಆಪರೇಷನ್ ಮುಗಿದು ಕೂಸು ಅಳುವ ಸದ್ದು ಕೇಳಿಸಿದ ಮೇಲೆ ಗಾಜಕ್ಕ ಹೋಗಿ ಪಕ್ಕದಲ್ಲಿ ಕೂತಳು.

"ನಿಂಗೇನು ಕಮ್ಮಿ ಮಾಡಿದ್ದೆ ನಾನು?" ಎಂದಳು ಅಮ್ಮ, ಎದುರಿನ ಗೋಡೆಗೆ. "ಯಾರಿಗೂ ಹೇಳಬೇಡಿ, ಅವಳಿಗೂ ಹೇಳಬೇಡಿ ಅಂತ ಡಾಕ್ಟರೇ ಅಂದಿದ್ರು. ನಿಮ್ಮಪ್ಪಂಗೂ ಹೇಳಿರಲಿಲ್ಲ ನಾನು."

"ಅಪ್ಪಂಗೂ ಗೊತ್ತಿರಲಿಲ್ವಾ?"

ಅಮ್ಮ ಇಲ್ಲವೆಂದು ತಲೆಯಾಡಿಸಿ, ಚೀಲ ಎತ್ತಿಕೊಂಡು ಎದ್ದಳು. ಇಬ್ಬರೂ ರಸ್ತೆಯವರೆಗೆ ಬಂದರು.

"ಮನೆ ತನಕ ಬರ್ತೀನಿ."

"ಬೇಡ. ನಿನ್ನ ಬಸ್ಸು ಆ ಕಡೆ."

ಆದರೂ ಗಾಜಕ್ಕ ರಸ್ತೆ ದಾಟಲಿಲ್ಲ, ಈಚೆಯೇ ನಿಂತಳು. ಬಸ್ಸು ಬಂತು. ಅಮ್ಮ ಹತ್ತಿ, ಈ ಬದಿಯ ಸೀಟುಗಳೆಲ್ಲ ಖಾಲಿಯಿದ್ದರೂ ಆಚೆ ಬದಿಯ ಕಿಟಕಿಯ ಪಕ್ಕ ಹೋಗಿ ಕೂತಳು.