ಖಂಡೇನವಮಿಗೂ ರಜೆ ಇಲ್ಲದ ಯಂತ್ರ

ತೊಂಬತ್ತಾರರ ಮಾತು. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿ ನೀರು ಸೋಸುವ ಯಂತ್ರ ನೋಡಿಕೊಳ್ಳುತ್ತಿದ್ದವನು ಗುಲಬರ್ಗಾ ಕಡೆಯ ಅಂಬಾರಾಯ. ಗಟ್ಟಿ ಆಳು, ಯಾರಿಗೂ ಅಂಜಿದವನಲ್ಲ. ಅಂಥವನನ್ನು ಸೋಲಿಸಿದ್ದು ಒಂದೂವರೆ ವರ್ಷದ ಮಗಳು ಬಾಗಿ. ಅಪ್ಪ ಎತ್ತಿಕೊಂಡರೆ ಸಾಕು, ಮುಖ ತಿರುವಿ ಕಿಟಾರನೆ ಚೀರುತ್ತಿದ್ದಳು. ತಪ್ಪು ಕೂಸಿನದಲ್ಲ, ಫಾರ್ಮಲಿನ್ನಿನದು.

ಯಂತ್ರದೊಳಗಿನ ಮೆಂಬ್ರೇನ್, ಅಂದರೆ ನೀರು ಸೋಸುವ ಪೊರೆ, ಎರಡು ವಾರಕ್ಕೊಮ್ಮೆ ಲೋಳೆ ಕಟ್ಟಿ ಕೂರುತ್ತಿತ್ತು. ಆಗ ಲೋಳೆ ಕೊಲ್ಲಲು ಫಾರ್ಮಲಿನ್ ಎಂಬ ಘಾಟು ರಾಸಾಯನಿಕವನ್ನು ಕ್ಯಾನುಗಟ್ಟಲೆ ಸುರಿಯಬೇಕು. ಕಣ್ಣುರಿ, ಗಂಟಲುರಿ, ಮೈಗೆಲ್ಲ ಅದೇ ನಾತ. ಲೋಳೆಯೋ, ಸತ್ತದ್ದರ ಮೇಲೆ ಹೊಸದು ಬೆಳೆದು ಮತ್ತೆ ಹಾಜರ್.

ಒಂದು ಬೆಳಿಗ್ಗೆ ಹೆಂಡತಿ ಸಾಬವ್ವ ನಿನ್ನೆಯ ನೀರು ಚೆಲ್ಲಿ ಕೊಡ ತಿಕ್ಕುತ್ತಿದ್ದಳು. "ನಳ ಬರೂದ ಅರ್ಧ ತಾಸು, ಅದರಾಗ ಚೆಲ್ತಿಯಲ್ಲ," ಎಂದು ಗೊಣಗಿದ.

"ನಿಂತ ನೀರಿನ ಮ್ಯಾಲ ಹೊಸಾ ನೀರ ಹಾಕಿದ್ರ ಲೋಳಿ ಕಟ್ಟಂಗಿಲ್ಲೇನು? ಇಷ್ಟೂ ತಿಳಿಯಂಗಿಲ್ಲ, ಮಷೀನ ನೋಡ್ತಾನಂತ."

ಅಂಬಾರಾಯನಿಗೆ ಥಟ್ಟನೆ ಹೊಳೆಯಿತು. ಶುಕ್ರವಾರ ಕಾರ್ಖಾನೆಗೆ ರಜೆ. ನೀರು ಪೊರೆಯೊಳಗೇ ನಿಲ್ಲುತ್ತಿತ್ತು. ಲೋಳೆ ಕಾಡುವುದೂ ಶನಿವಾರವೇ.

ಫಾರ್ಮಲಿನ್ ಬಿಟ್ಟು ದಿನಾ ನೀರಿನಿಂದಲೇ ಪೊರೆ ತೊಳೆಯೋಣ ಎಂದಾಗ ಉಡುಪಿಯ ಸೂಪರ್‌ವೈಸರ್ ಯತಿನ್ ನಕ್ಕುಬಿಟ್ಟ. "ಎಂತ ಮಾರಾಯ, ಕೊಡ ತೊಳೆದ ಹಾಗಾ? ಆಗಲಿ, ಒಂದು ತಿಂಗಳು ನೋಡುವ. ಲೋಳೆ ಬಂದ್ರೆ ಪುನಃ ಫಾರ್ಮಲಿನ್."

ಅಂದಿನಿಂದ ದಿನಾ ಯಂತ್ರ ನಿಲ್ಲಿಸುವ ಮುಂಚೆ ಸೋಸಿದ ನೀರನ್ನೇ ಜೋರಾಗಿ ಹಾಯಿಸಿ ಪೊರೆ ತೊಳೆದ. ಶುಕ್ರವಾರವೂ ಬಂದು ತೊಳೆದ. ಮಗಳನ್ನು ಮಾತ್ರ ಮುಟ್ಟಲಿಲ್ಲ. ರೂಢಿ ಮಾಡಿಸಿ, ಆಮೇಲೆ ನಾತ ತಿರುಗಿ ಬಂದರೆ ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಮೂರು ವಾರ ಸುಸೂತ್ರ. ಆಮೇಲೆ ಬಂತು ಖಂಡೇನವಮಿ, ಆಯುಧಪೂಜೆಯ ಹಬ್ಬ. ಯಂತ್ರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆದವನು ಸ್ವತಃ ಅಂಬಾರಾಯ. ಎರಡು ದಿನ ಯಾರೂ ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ ಪುಣ್ಯಾತ್ಮನೂ ಅವನೇ. ಮನೆಗೆ ಹೋಗಿ ಎರಡನೇ ಹೋಳಿಗೆ ಮುರಿಯುವಾಗ ನೆನಪಾಯಿತು, ನೀರು ನಿಂತಿದೆ.

ಎದ್ದು ಓಡಿದ. ಗೇಟಿನಲ್ಲಿ ವಾಚ್‌ಮನ್ ಮುಂಡಪ್ಪ ಅಡ್ಡ ನಿಂತ. "ಪೂಜೆ ಮಾಡಿದ ಮಿಷನ್ ಮುಟ್ಟುವುದಾ? ಬೇಡ ಹೇಳಿದ್ದು ನೀನೇ ಅಲ್ವಾ?"

"ಇದು ಆಯುಧ ಅಲ್ಲೋ ಯಪ್ಪಾ, ಲಿಂಗ. ಲಿಂಗಕ್ಕ ಅಭಿಷೇಕ ತಪ್ಪಿಸಬಾರದು."

ಮುಂಡಪ್ಪ ಚಪ್ಪಲಿ ಕಳಚಿ, ಕೈಮುಗಿದು ದಾರಿ ಬಿಟ್ಟ. ಎರಡೂ ದಿನ ಅಭಿಷೇಕ ನಡೆಯಿತು.

ತಿಂಗಳು ತುಂಬಿದ ದಿನ ಯತಿನ್ ಕೊಳವೆ ಬಿಚ್ಚಿಸಿ, ಪೊರೆಯ ಮೇಲೆ ಬೆರಳಾಡಿಸಿದ. ಎರಡು ಸಲ ಆಡಿಸಿದ. ಬೆರಳು ಜಾರಲಿಲ್ಲ. ಉಳಿದ ಕ್ಯಾನುಗಳನ್ನು ವಾಪಸ್ ಕಳಿಸಲು ಹೇಳಿದ.

ಆ ಸಂಜೆ ಸಾಬವ್ವ ಮೂರು ಸಲ ಊಟಕ್ಕೆ ಕರೆದಳು. ಅಂಬಾರಾಯ ಏಳಲಿಲ್ಲ. ಬಾಗಿ ಅವನ ಎದೆಯ ಮೇಲೆ ನಿದ್ದೆ ಹೋಗಿದ್ದಳು.