ಬಾಣಕ್ಕೆ ಹೆಲ್ಮೆಟ್

ಸತ್ತಿ ಊರಿನ ದಾರಿಯಲ್ಲಿ ಮಳೆ ಜೋರಾಯಿತು. ಬೈಕನ್ನು ಕಬ್ಬಿನ ಹೊಲದ ಅಂಚಿಗೆ ನಿಲ್ಲಿಸಿ, ದಾರಿ ದಾಟಿ ಜಾಲಿಮರದ ಕೆಳಗೆ ಓಡಿದೆ. ಅಲ್ಲೊಬ್ಬ ಅಜ್ಜ ಬಿಲ್ಲು ಹಿಡಿದು ನಿಂತಿದ್ದ. ತಲೆಗೆ ಕೊಪ್ಪೆಯಾಗಿ ಹಾಕಿಕೊಳ್ಳಬೇಕಾದ ಗೊಬ್ಬರದ ಚೀಲವನ್ನು ಮೂರು ಬಾಣಗಳಿಗೆ ಸುತ್ತಿ, ತಾನು ತೊಯ್ದು ತೊಪ್ಪೆಯಾಗಿದ್ದ. ಚೀಲ ಹರಿದಿತ್ತು.

"ಸಾಹೇಬ್ರ, ಹೆಲ್ಮೆಟ್ ಕೊಡ್ರಿ," ಎಂದ.

ಕೊಟ್ಟೆ. ಬಾಣಗಳ ಮೊನೆಯನ್ನು ಕೆಸರಿಗೆ ಚುಚ್ಚಿ, ಮೇಲಿದ್ದ ಕೋಳಿಗರಿಗಳಿಗೆ ಹೆಲ್ಮೆಟನ್ನು ಟೊಪ್ಪಿಗೆಯಂತೆ ಮುಚ್ಚಿದ.

"ಗರಿ ತೊಯ್ದ್ರ ಕಡ್ಡಿಗೆ ಅಂಟ್ಕೋತಾವ್ರಿ. ಬಾಣ ಎತ್ಲಾಗರ ಹೋಗತೈತಿ. ಎರಡು ಆಗ್ಲೇ ತೊಯ್ದಾವ, ಒಂದ ಉಳದೈತಿ."

"ಏನ್ ಹೊಡಿಯೂದೈತಿ?"

"ಕಾಡಹಂದಿ. ನಿನ್ನಿ ನಮ್ಮ ಸೊಸಿ ತೊಡಿ ಸೀಳೈತ್ರಿ."

"ಈಗ ಎಲ್ಲೈತಿ?"

ಅಜ್ಜ ನನ್ನ ಬೈಕಿನ ಕಡೆಗೆ ಗದ್ದ ಎತ್ತಿ ತೋರಿಸಿದ. ಈಗಷ್ಟೇ ಆ ಕಬ್ಬಿಗೆ ಬೆನ್ನು ಕೊಟ್ಟು ಜರ್ಕಿನ್ ಗುಂಡಿ ಹಾಕಿಕೊಂಡಿದ್ದೆ.

ಮಳೆ ಸಣ್ಣದಾಯಿತು. ಆಗ ಕೇಳಿಸಿತು, ಕಬ್ಬಿನೊಳಗೆ ಕರಕರ ಅಗಿಯುವ ಸದ್ದು. ಎಷ್ಟೋ ಹೊತ್ತಿನಿಂದ ನಡೆದಿತ್ತೋ ಏನೋ. ಕೇಳುತ್ತಿದ್ದಂತೆಯೇ ಅದು ನಿಂತುಹೋಯಿತು.

ಅಜ್ಜ ಹೆಲ್ಮೆಟ್ ಎತ್ತಿದ. ಒಂದೇ ಬಾಣ ಕಿತ್ತು, ಗರಿಯನ್ನು ತುಟಿಗೆ ತಾಗಿಸಿ ಒಣಗಿದೆಯೇ ನೋಡಿ, ಹೆದೆಗೆ ಏರಿಸಿದ. ಹೆಲ್ಮೆಟನ್ನು ಕಾಲಿನಿಂದ ನನ್ನತ್ತ ಸರಿಸಿದ.

"ಹಾಕ್ಕೋರಿ."

"ಹಂದಿ ತಲಿಗೇ ಬರತೈತೇನ್ರಿ?"

ಕಬ್ಬಿನಿಂದ ಕಣ್ಣು ತೆಗೆಯದೆ ಹೇಳಿದ: "ಮೊದಲ ಕಾಲಿಗೆ ಬರತೈತ್ರಿ. ತಲಿಗೆ, ನೀವು ಬಿದ್ದ ಮ್ಯಾಲ."