ಆಟಿಯಲ್ಲಿ ಬಂದ ಬೇಸಿಗೆ

ಬೇಸಿಗೆ ಶಿಬಿರ ಎಂಬ ಬೋರ್ಡು ಕಂಡರೆ ನನಗೆ ಸಿಟ್ಟು ಬರುತ್ತದೆ. ಈಗ ಏಪ್ರಿಲ್ ಬಂತೆಂದರೆ ಕಂಪೌಂಡಿಗೊಂದು ಇಂಥ ಬೋರ್ಡು. ಚಿತ್ರ ಬರೆಯಲು ಶಿಬಿರ, ಈಜಲು ಶಿಬಿರ, ಮಣ್ಣಿನಲ್ಲಿ ಆಡಲೂ ಶಿಬಿರ. ಮಣ್ಣಿನಲ್ಲಿ ಆಡುವುದನ್ನು ಮಕ್ಕಳಿಗೆ ಕಲಿಸಬೇಕೇ ಎಂದು ನಾನು ದಾರಿಯುದ್ದಕ್ಕೂ ಗೊಣಗುತ್ತೇನೆ. ಜೊತೆಗಿದ್ದವರು ಮುದುಕನ ತಲೆಗೆ ಬಿಸಿಲು ಏರಿದೆ ಎಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ನನ್ನ ಮೇಲೆಯೇ ನನಗಿರುವ ಸಿಟ್ಟನ್ನು ಎಷ್ಟೋ ವರ್ಷಗಳಿಂದ ಸಿಕ್ಕಸಿಕ್ಕ ಬೋರ್ಡುಗಳ ತಲೆಗೆ ಕಟ್ಟುತ್ತಾ ಬಂದಿದ್ದೇನೆ. ಇವತ್ತು ಅದನ್ನು ಅದರ ಜಾಗದಲ್ಲಿ ಇಟ್ಟುಬಿಡುತ್ತೇನೆ.

ನಾನು ಹೈಸ್ಕೂಲು ಮುಗಿಸಿ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಆದವ. ಕಾಪು, ಪಡುಬಿದ್ರಿ, ಕಾರ್ಕಳ, ಬಜಗೋಳಿ ಎಂದು ಕೂಗಿ, ಗಡಿಯಾರ ನೋಡಿ, ಸೀಟಿ ಊದಿ ಬಸ್ಸು ಹೊರಡಿಸುವ ಕೆಲಸ. ನಮ್ಮಲ್ಲಿ ಬಸ್ಸಿಗೂ ಬಸ್ಸಿಗೂ ನಡುವೆ ಮೂರು ನಿಮಿಷ. ಒಂದು ಬಸ್ಸು ಅರ್ಧ ನಿಮಿಷ ಹೆಚ್ಚು ನಿಂತರೆ ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ನನ್ನ ಅಂಗಿ ಹಿಡಿಯುತ್ತಿದ್ದ. ಮದುಮಗಳು ಓಡಿ ಬರುತ್ತಿದ್ದರೂ ನಾನು ಸೀಟಿ ಊದಿದವ. ಜನ ಬೈದರು, ಆದರೆ ನಂಬಿದರು. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಇಂಥವನು ಮುಂದೆ ಮಾಡಿದ್ದೇನು ಎಂದು ತಿಳಿಯುವಾಗ ಇದು ನೆನಪಿನಲ್ಲಿರಲಿ ಎಂದು ಹೇಳಿದೆ.

ಕಡಿಯಾಳಿಯ ನಮ್ಮ ಮನೆಯಲ್ಲಿ ಅಮ್ಮ, ತಂಗಿ ಕಲ್ಯಾಣಿ, ಅವಳ ಮಗಳು ಸುಗಂಧಿ, ಮತ್ತು ಮದುವೆಯಾಗದ ನಾನು. ಸುಗಂಧಿಗೆ ತಂದೆ ಇರಲಿಲ್ಲ. ಇದ್ದಿದ್ದರೂ ನಮ್ಮದು ಅಳಿಯಕಟ್ಟಿನ ಕುಟುಂಬ. ಮನೆಯ ಯಜಮಾನ ಸೋದರಮಾವನೇ. ತುಳುವಿನಲ್ಲಿ ಸೋದರಮಾವನಿಗೆ ತಮ್ಮಲೆ ಎನ್ನುತ್ತೇವೆ. ತಮ್ಮಲೆ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಇಂಥ ಅಧಿಕಾರವನ್ನು ಮೂವತ್ತಾರು ವರ್ಷದ ಒಬ್ಬ ಟೈಮ್ ಕೀಪರನ ಕೈಗೆ ಕೊಟ್ಟ ನಮ್ಮ ಹಿರಿಯರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಬಿ.ಎ. ಓದುತ್ತಿದ್ದ ಸುಗಂಧಿಗೆ ಮಣಿಪಾಲದಲ್ಲಿ ಸಂಜೆ ಜರ್ಮನ್ ತರಗತಿ ನಡೆಯುತ್ತದೆಂದು ಯಾರೋ ಹೇಳಿದರು. ವಾರಕ್ಕೆ ಎರಡು ದಿನ. ಅವಳು ಒಬ್ಬಳೇ ಹೋಗಿ ಕತ್ತಲಾಗುವಾಗ ಬರುವುದು ಹೇಗೆ ಎಂದು ಅಮ್ಮ ರಾಗ ತೆಗೆದರು. ಹಾಗಾಗಿ ಕಾವಲಿಗೆ ನಾನು. ಕೈಯಲ್ಲಿ ಕೊಡೆ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತೆ. ಎಲೆ ಅಡಿಕೆ ಹಾಕುವಂತಿಲ್ಲ, ನಿದ್ದೆ ಮಾಡಿದರೆ ಮರ್ಯಾದೆ ಹೋಗುತ್ತದೆ. ಬೇರೆ ದಾರಿ ಕಾಣದೆ ಜರ್ಮನ್ ಕಲಿತೆ.

ಕಲಿತೆ ಎನ್ನುವುದಕ್ಕಿಂತ ಜಗಳಾಡಿದೆ ಎನ್ನಬೇಕು. ಆ ಭಾಷೆಯಲ್ಲಿ ಚಮಚ ಗಂಡು, ಮುಳ್ಳುಚಮಚ ಹೆಣ್ಣು, ಚೂರಿ ನಪುಂಸಕ. ಸಹಿಸಿಕೊಂಡೆ. ಆದರೆ ಗಡಿಯಾರದ ವಿಷಯ ಬಂದಾಗ ಸಹಿಸಲಾಗಲಿಲ್ಲ. ಐದೂವರೆಗೆ ಅವರು ಅರ್ಧ ಆರು ಎನ್ನುತ್ತಾರೆ! ಇನ್ನೂ ಬಾರದ ಆರನ್ನು ಹಿಡಿದುಕೊಂಡು ಎಣಿಸುವುದು ಎಂಥ ಪದ್ಧತಿ? ನಾನು ಎದ್ದು ನಿಂತು, ನಮ್ಮ ಸ್ಟ್ಯಾಂಡಿನಲ್ಲಿ ಹೀಗೆ ಹೇಳಿದರೆ ಕಾರ್ಕಳದ ಬಸ್ಸಿನವರು ನನ್ನನ್ನು ಜೀವಸಹಿತ ಬಿಡುವುದಿಲ್ಲ ಎಂದೆ. ತರಗತಿಯೆಲ್ಲ ನಕ್ಕಿತು. ಮೇಡಂ ಕೂಡ ನಕ್ಕರು. ಕೊಂಕಣಿ ಮನೆಮಾತಿನ ಅವರು ಆರು ವರ್ಷ ಜರ್ಮನಿಯಲ್ಲಿದ್ದು ಬಂದವರು. ಅಂದಿನಿಂದ ಪ್ರಶ್ನೆಗಳು ಹಿಂದಿನ ಬೆಂಚಿಗೂ ಬರತೊಡಗಿದವು. ಕ್ರಿಯಾಪದಕ್ಕಾಗಿ ವಾಕ್ಯದ ಕೊನೆಯವರೆಗೆ ಕಾಯುವುದು ತರಗತಿಯಲ್ಲಿದ್ದ, ಇಂಗ್ಲಿಷಿನಲ್ಲಿ ಬೆಳೆದ ಮೆಡಿಕಲ್ ಕಾಲೇಜಿನ ಹುಡುಗರಿಗೆ ಕಷ್ಟ; ಕನ್ನಡ ಮೀಡಿಯಂನ ನನಗೇನು ಕಷ್ಟ? ಮನೆಗೆ ಬರುವ ಬಸ್ಸಿನಲ್ಲಿ ನಾನೂ ಸುಗಂಧಿಯೂ ಜರ್ಮನಿನಲ್ಲೇ ಟಿಕೆಟು ಕೇಳಿ ಕಂಡಕ್ಟರನನ್ನು ಗೋಳುಹೊಯ್ದುಕೊಳ್ಳುತ್ತಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಸುಖದ ವರ್ಷ ಇನ್ನೊಂದಿಲ್ಲ.

ಪರೀಕ್ಷೆಯನ್ನು ತಮಾಷೆಗೆಂದು ನಾನೂ ಬರೆದೆ. ಫಲಿತಾಂಶದ ದಿನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಮಾತಿನ ಪರೀಕ್ಷೆಯಲ್ಲಿ ನೀವೇ ಮೊದಲು. ನಿಮಗೆ ಮೂವತ್ತರ ಒಳಗೆ ಪ್ರಾಯ ಇದ್ದಿದ್ದರೆ ನಿಮ್ಮ ಹೆಸರನ್ನೇ ಕಳಿಸುತ್ತಿದ್ದೆ," ಎಂದರು. ಒಳ್ಳೆಯ ಮನಸ್ಸಿನಿಂದ ಹೇಳಿದ ಮಾತು. ಒಳ್ಳೆಯ ಮನಸ್ಸಿನವರು ಕೆಲವೊಮ್ಮೆ ಸುಮ್ಮನಿರಬೇಕು.

ಕಳಿಸುವುದು ಎಲ್ಲಿಗೆಂದರೆ ಪಶ್ಚಿಮ ಜರ್ಮನಿಗೆ. ಅಲ್ಲಿನ ಭಾಷೆ, ಸಂಸ್ಕೃತಿ ಕಲಿಯಲು ಆರು ವಾರದ ಬೇಸಿಗೆ ಶಿಬಿರ. ವಿಮಾನ, ಊಟ, ವಸತಿ ಎಲ್ಲ ಅವರದ್ದೇ. ನಮ್ಮ ತರಗತಿಯಿಂದ ಒಬ್ಬರಿಗೆ ಜಾಗ. ಆ ಜಾಗ ಸುಗಂಧಿಗೆ ಸಿಕ್ಕಿತು. ಅವಳು ಹೋಗದಿದ್ದರೆ ಕಾರ್ಕಳದ ಲಿಲ್ಲಿಗೆ. ಫಾರ್ಮಿನ ಕೊನೆಯಲ್ಲಿ ಪೋಷಕರ ಸಹಿಗೊಂದು ಗೆರೆ ಇತ್ತು.

ನಾನು ಮೊದಲು ಸಂತೋಷಪಟ್ಟೆ ಎಂದು ಬರೆಯಬೇಕೆಂದಿದ್ದೆ. ಬರೆಯುವುದಿಲ್ಲ. ಮೊದಲು ನಾನು ಪ್ರಾಯದ ಮಿತಿಯ ಸಾಲನ್ನು ಓದಿದೆ, ಎರಡು ಸಲ. ಆಮೇಲೆ ತಾರೀಕು ನೋಡಿದೆ. ಬೇಸಿಗೆ ಎಂದರೆ ಮಾರ್ಚ್, ಏಪ್ರಿಲ್ ಎಂದುಕೊಂಡಿದ್ದ ನನಗೆ ಶಿಬಿರ ಶುರುವಾಗುವುದು ಜುಲೈ ತಿಂಗಳ ಕೊನೆಗೆಂದು ಆಗ ತಿಳಿಯಿತು. ನಮ್ಮ ಲೆಕ್ಕದಲ್ಲಿ ಅದು ಆಟಿ ತಿಂಗಳು. ಹೊರಗೆ ಹುಯ್ಯುವ ಮಳೆ. ಒಳ್ಳೆಯ ಕೆಲಸ ಶುರುಮಾಡುವುದಿಲ್ಲ, ಮದುವೆ ಇಲ್ಲ, ಮನೆ ಹೊಗುವುದಿಲ್ಲ, ದೂರದ ಪ್ರಯಾಣ ಹೊರಡುವುದಿಲ್ಲ. ನನಗೆ ಬೇಕಾದ ಹುಳುಕು ಪಂಚಾಂಗದಲ್ಲೇ ಸಿಕ್ಕಿತು. "ಹೆಣ್ಣುಮಗಳನ್ನು ಆಟಿಯಲ್ಲಿ ಸಮುದ್ರ ದಾಟಿಸುವುದೇ? ಅಂಥ ತಿಂಗಳನ್ನು ಬೇಸಿಗೆ ಎಂದು ಕರೆಯುವವರಿಗೆ ಬುದ್ಧಿ ಉಂಟಾ?" ಎಂದು ಹಾರಾಡಿದೆ.

ಅಮ್ಮ ಒಂದು ಉಪಾಯ ಹೇಳಿದರು. ಆಟಿಗೆ ಮೊದಲೇ ಒಳ್ಳೆಯ ದಿನ ನೋಡಿ ಸುಗಂಧಿಯ ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿಟ್ಟರೆ ಆಯಿತಂತೆ. ಪೆಟ್ಟಿಗೆ ಹೊಸಿಲು ದಾಟಿದರೆ ಮಗು ದಾಟಿದ ಹಾಗೆಯೇ. ಹೊರಟದ್ದು ಆ ದಿನವೇ ಎಂದು ಲೆಕ್ಕ. ಎಪ್ಪತ್ತು ದಾಟಿದ, ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಮೊಮ್ಮಗಳಿಗಾಗಿ ಶಾಸ್ತ್ರವನ್ನೇ ಹೀಗೆ ಬಗ್ಗಿಸಿಕೊಟ್ಟರು. ಅದಾದ ಮೇಲೆ ನನ್ನ ಬಳಿ ನೆಪ ಉಳಿಯಲಿಲ್ಲ.

ನೆಪ ಇಲ್ಲದವನಿಗೆ ನಮ್ಮ ಕರಾವಳಿಯಲ್ಲಿ ಒಂದು ಶಬ್ದ ಉಂಟು. ನೋಡುವ, ಅಂದರೆ ನೋಡೋಣ. ನಾನು ಬೇಡ ಎಂದವನಲ್ಲ. ನೋಡುವ ಎಂದೆ. ಬೇಡ ಎಂದರೆ ಜಗಳಾಡಬಹುದು, ಅಳಬಹುದು, ಉಪವಾಸ ಕೂರಬಹುದು. ನೋಡುವ ಎಂದವನ ಜೊತೆ ಏನು ಮಾಡುವುದು? ಫಾರ್ಮನ್ನು ಮಡಚಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಪಂಚಾಂಗದೊಳಗೆ ಇಟ್ಟೆ. ದಿನಾ ಬೆಳಿಗ್ಗೆ ಸುಗಂಧಿ ಚಾ ತಂದು ಕೊಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ನಾನು ಚಾ ಕುಡಿದು ಸ್ಟ್ಯಾಂಡಿಗೆ ಹೋಗಿ, ಅರ್ಧ ನಿಮಿಷ ತಡಮಾಡಿದ ಡ್ರೈವರುಗಳಿಗೆ ಬೈಯುತ್ತಿದ್ದೆ. ಹೀಗೆ ಮೂರು ವಾರ. ಕೊನೆಯ ತಾರೀಕು ಬಂತು, ಹೋಯಿತು. ಸೀಟಿ ಊದಿದವ ನಾನೇ, ಆದರೆ ಸದ್ದು ಯಾರಿಗೂ ಕೇಳಿಸಲಿಲ್ಲ.

ಸುಗಂಧಿ ಅಳಲಿಲ್ಲ. ಆ ವರ್ಷದ ಆಟಿ ಅಮಾವಾಸ್ಯೆಗೆ ನಮ್ಮ ಪದ್ಧತಿಯಂತೆ ಖಾಲಿ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿದೆವು. ವರ್ಷದ ರೋಗವೆಲ್ಲ ಹೋಗುತ್ತದೆಂದು ಕುಡಿಯುವ ಕಡುಕಹಿ. ಅವಳು ಮುಖ ಕಿವುಚದೆ ಕುಡಿದಳು. ಅದೇ ವಾರ ಜರ್ಮನಿಯಿಂದ ಲಿಲ್ಲಿ ಕಳಿಸಿದ ಚಿತ್ರದ ಕಾರ್ಡು ಬಂತು. ನದಿಯ ದಂಡೆ, ಹುಲ್ಲಿನ ಮೇಲೆ ಕೂತ ಜನ. ಇಲ್ಲಿ ರಾತ್ರಿ ಒಂಬತ್ತಕ್ಕೂ ಬಿಸಿಲು ಎಂದು ಬರೆದಿದ್ದಳು. ನಮ್ಮ ಅಂಗಳದಲ್ಲಿ ಮೊಣಕಾಲಷ್ಟು ನೀರು. ಸುಗಂಧಿ ಕಾರ್ಡನ್ನು ಓದಿ ಕನ್ನಡಿಯ ಸಂದಿಗೆ ಸಿಕ್ಕಿಸಿದಳು. ನಾನು ಕ್ಷೌರ ಮಾಡಿಕೊಳ್ಳುವ ಕನ್ನಡಿ ಅದು. ದಿನಾ ಗದ್ದಕ್ಕೆ ಸೋಪು ಹಚ್ಚಿಕೊಂಡು ಆ ಬಿಸಿಲನ್ನು ನೋಡುತ್ತಿದ್ದೆ.

ಆಮೇಲೆ ಕೇಳಬೇಕಾಗಿ ಬಂದದ್ದು ನೋಡಿ. "ಒಳ್ಳೆಯ ಮಾವ ಮಾರಾಯ, ಇಲ್ಲದಿದ್ದರೆ ಅಲ್ಲೇ ಯಾರನ್ನಾದರೂ ಕಟ್ಟಿಕೊಳ್ಳುತ್ತಿದ್ದಳು," ಎಂದು ಸ್ಟ್ಯಾಂಡಿನವರು ಬೆನ್ನು ತಟ್ಟಿದರು. ಒಬ್ಬನಾದರೂ ನನ್ನ ಅಂಗಿ ಹಿಡಿಯಲಿಲ್ಲ. ಅರ್ಧ ನಿಮಿಷಕ್ಕೆ ಹೊಡೆಯಲು ಬರುವ ಊರು, ಒಂದು ಹುಡುಗಿಯ ಇಡೀ ಬೇಸಿಗೆಯನ್ನು ತಿಂದವನಿಗೆ ಚಾ ಕುಡಿಸಿತು!

ಸುಗಂಧಿ ಬಿ.ಎಡ್. ಮಾಡಿ ಕಾಪುವಿನ ಹೈಸ್ಕೂಲಿನಲ್ಲಿ ಟೀಚರ್ ಆದಳು, ಅಲ್ಲೇ ಮದುವೆಯಾದಳು. ಜರ್ಮನ್ ಶಬ್ದ ಅವಳ ಬಾಯಲ್ಲಿ ಮತ್ತೆ ಬರಲಿಲ್ಲ, ನನ್ನ ಬಾಯಲ್ಲೂ. ಈಗ ಅವಳು ರಿಟೈರ್ ಆಗಿದ್ದಾಳೆ. ಅಮ್ಮ, ಕಲ್ಯಾಣಿ ಹೋದ ಮೇಲೆ ನನ್ನನ್ನು ತನ್ನ ಮನೆಗೇ ಕರೆದುಕೊಂಡಿದ್ದಾಳೆ. ತಪ್ಪು ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಹೊತ್ತುಹೊತ್ತಿಗೆ ಬಿಸಿ ಅನ್ನ.

ಹೋದ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಅವಳು ಕಷಾಯದ ಲೋಟ ತಂದು ಮುಂದೆ ಹಿಡಿದಳು. ನನಗೆ ತಡೆಯಲಾಗಲಿಲ್ಲ.

"ಸುಗಂಧಿ, ಆಗ ತಡೆದದ್ದು ಆಟಿ ಅಲ್ಲ. ನನಗೆ ಹೊಟ್ಟೆಕಿಚ್ಚು," ಎಂದೆ.

"ಗೊತ್ತುಂಟು ತಮ್ಮಲೆ."

"ಎಂತ ಗೊತ್ತುಂಟು?"

"ಪಂಚಾಂಗದೊಳಗಿನ ಫಾರ್ಮು ನೋಡಿದ್ದೆ. ನನ್ನ ಹೆಸರಿನ ಮೇಲೆ ಪೆನ್ಸಿಲಿನಲ್ಲಿ ನಿಮ್ಮ ಹೆಸರು ಬರೆದು ಅಳಿಸಿದ್ದಿರಿ. ಅಚ್ಚು ಹಾಗೇ ಇತ್ತು."

ಇದನ್ನು ಓದುವ ನಿಮ್ಮಿಂದಲೂ ನಾನು ಅಡಗಿಸಿದ್ದು ಇದೊಂದನ್ನೇ. ಹೌದು, ಬರೆದಿದ್ದೆ. ಹೇಗೆ ಕಾಣುತ್ತದೆ ಎಂದು ಒಂದು ಸಲ ನೋಡಲು. ಅವಳಿಗೆ ಆಗಲೇ ಗೊತ್ತಿತ್ತೆಂದು ತಿಳಿದಾಗ ನಾಚಿಕೆಯಾಗುವ ಬದಲು, ನೋಡಿ ನನ್ನ ಜಾತಕವನ್ನು, ಸಿಟ್ಟು ಬಂತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅವಳ ಮೇಲೆಯೇ ಹರಿಹಾಯ್ದೆ.

"ಬಸ್ಸು ಬಿಟ್ಟ ಮೇಲೆ ಟೈಮ್ ಕೀಪರನ ಹತ್ತಿರ ಜಗಳಾಡಿ ಎಂತ ಪ್ರಯೋಜನ?" ಎಂದಳು ಅವಳು. "ಕುಡಿಯಿರಿ, ತಣಿಯುತ್ತದೆ."

ಕುಡಿದೆ. ಲೋಟ ತೆಗೆದುಕೊಂಡು ಹೋಗುತ್ತಾ ಬಾಗಿಲಲ್ಲಿ ನಿಂತಳು. "ಮಣಿಪಾಲದ ತರಗತಿಯ ಹಳೆಯ ಪುಸ್ತಕ ಅಟ್ಟದಲ್ಲಿ ಸಿಕ್ಕಿತು. ಒಬ್ಬಳೇ ಓದಿದರೆ ಮಾತು ಬರುವುದಿಲ್ಲ. ಸಂಜೆ ಅರ್ಧ ಆರಕ್ಕೆ ಚಾವಡಿಗೆ ಬನ್ನಿ. ಹಿಂದೆ ಅಲ್ಲ, ನನ್ನ ಎದುರು ಕೂರಬೇಕು."

ಅಂದು ನಾನು ಜಗಳಾಡಿದ ಆ ಗಡಿಯಾರದ ಪದ್ಧತಿ ಈಗ ಅಷ್ಟು ಕೆಟ್ಟದ್ದೆನಿಸುವುದಿಲ್ಲ. ನಾವು ಕಳೆದುಹೋದ ಐದರ ಬಾಲ ಹಿಡಿದು ಎಣಿಸುತ್ತೇವೆ. ಅವರು ಬರಲಿರುವ ಆರಕ್ಕೆ ಆಗಲೇ ಅರ್ಧ ಜಾಗ ಮಾಡಿಕೊಡುತ್ತಾರೆ. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು. ನಾನು ಐದೂ ಇಪ್ಪತ್ತಕ್ಕೇ ಹೋಗಿ ಕೂತಿದ್ದೆ.